ಆಗಮನ ಕಾಲದ ಹದ್ದುಬಸ್ತು

ಡಿಸೆಂಬರ್ 9ರ ಸಂಜೆ ಕಾರವಾರದಲ್ಲಿ ಆಡಿದ ಮಾತುಗಳನ್ನು ನೆನಪಿನಿಂದ ಬರೆದಿದ್ದೇನೆ. ಅಂದು ಸಮಯ ಸಾಲದೆ ಬಿಟ್ಟ ಒಂದೆರಡು ಸಂಗತಿಗಳನ್ನೂ ಸೇರಿಸಿದ್ದೇನೆ. ಮೈಕ್ ಎರಡು ಸಲ ಕೈಕೊಟ್ಟಿತ್ತು. ಹಿಂದಿನ ಸಾಲಿನವರಿಗೆ ಕೇಳಿಸದೇ ಹೋದದ್ದು ಇಲ್ಲಿದೆ.

ಎಲ್ಲರಿಗೂ ನಮಸ್ಕಾರ.

ಶಾಂತಿಯ ಬಗ್ಗೆ ಮಾತಾಡಿ ಅಂತ ಫೋನ್ ಬಂದಾಗ ನನಗೆ ನಗು ಬಂತು. ನಾನು ಪಾದ್ರಿಯಲ್ಲ, ಪ್ರೊಫೆಸರ್ ಅಲ್ಲ. ಮೂವತ್ತೆರಡು ವರ್ಷ ಸರ್ವೇಯರ್ ಆಗಿದ್ದವನು. ಈ ಜಿಲ್ಲೆಯ ಗದ್ದೆ, ತೋಟ, ಹುಲ್ಲು ಬೆಳೆಯುವ ಬ್ಯಾಣ, ಉಪ್ಪುನೀರು ನುಗ್ಗುವ ಗಜನಿ ಎಲ್ಲ ಕಡೆ ಸರಪಳಿ ಎಳೆದಿದ್ದೇನೆ. ಸರ್ವೇಯರ್ ಊರಿಗೆ ಬಂದ ಅಂದ್ರೆ ಅಲ್ಲಿ ಜಗಳ ಇದೆ ಅಂತಲೇ ಅರ್ಥ. ಪ್ರೀತಿ ಜಾಸ್ತಿಯಾಗಿ ಹದ್ದುಬಸ್ತಿಗೆ, ಅಂದ್ರೆ ಜಮೀನಿನ ಗಡಿ ಅಳೆದು ಗುರುತು ಮಾಡೋದಕ್ಕೆ, ಅರ್ಜಿ ಕೊಟ್ಟವರನ್ನು ನಾನಂತೂ ಕಂಡಿಲ್ಲ. ಆಮೇಲೆ ಯೋಚಿಸಿದೆ. ಜಗಳವನ್ನು ಇಷ್ಟು ಹತ್ತಿರದಿಂದ, ಅದೂ ಸಂಬಳ ತಗೊಂಡು ನೋಡಿದವರು ಈ ಊರಲ್ಲಿ ಜಾಸ್ತಿ ಇರಲಿಕ್ಕಿಲ್ಲ. ಒಪ್ಪಿಕೊಂಡೆ.

ಇಲ್ಲಿ ಕ್ರೈಸ್ತರಲ್ಲದವರೂ ಸಾಕಷ್ಟು ಜನ ಇದ್ದೀರಿ. ನಮ್ಮ ಹಬ್ಬ ಅಂದ್ರೆ ನಿಮಗೆ ಕ್ರಿಸ್‌ಮಸ್, ನಕ್ಷತ್ರದ ಗೂಡುದೀಪ, ಕೇಕು, ನೆವ್ರಿ. ಅದಕ್ಕೆ ಮುಂಚಿನ ನಾಲ್ಕು ವಾರಕ್ಕೂ ಒಂದು ಹೆಸರಿದೆ. ಆಗಮನ ಕಾಲ. ನವೆಂಬರ್ 30 ಸಂತ ಅಂದ್ರೆಯರ ಹಬ್ಬ. ಅದಕ್ಕೆ ಯಾವ ಭಾನುವಾರ ಹತ್ತಿರವೋ ಅಂದು ಇದು ಶುರು. ಈ ಸಲ 30ನೇ ತಾರೀಕೇ ಭಾನುವಾರ ಬಿತ್ತು. ಭಾನುವಾರಗಳು ಯಾವಾಗಲೂ ನಾಲ್ಕೇ. ದಿನಗಳು ಮಾತ್ರ 22ರಿಂದ 28ರವರೆಗೆ ಹೆಚ್ಚುಕಮ್ಮಿ ಆಗುತ್ತವೆ. ನಮ್ಮ ಪೂಜಾ ಪಂಚಾಂಗಕ್ಕೆ ಇದೇ ಹೊಸ ವರ್ಷ. ಕಾಯ್ತಾ ಕೂರುವುದರಿಂದಲೇ ನಮ್ಮ ವರ್ಷ ಶುರು ಅನ್ನಿ.

ಇಗರ್ಜಿಯಲ್ಲಿ ಹಸಿರೆಲೆಯ ಚಕ್ರದ ಮೇಲೆ ನಾಲ್ಕು ಮೇಣದ ಬತ್ತಿ ನೋಡಿರಬಹುದು. ವಾರಕ್ಕೊಂದು ಹಚ್ಚುತ್ತೇವೆ. ಇದು ಯೇಸುವಿನ ಕಾಲದ್ದೇ ಅಂತ ನಾನು ಬಹಳ ದಿನ ತಿಳಿದಿದ್ದೆ. ಅಲ್ಲ. 1839ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಯೋಹಾನ್ ಹಿನ್ರಿಶ್ ವಿಖರ್ನ್ ಅನ್ನುವ ಪಾದ್ರಿ ಬಡಮಕ್ಕಳ ಆಶ್ರಮ ನಡೆಸುತ್ತಿದ್ದರು. ಕ್ರಿಸ್‌ಮಸ್ ಯಾವಾಗ, ಯಾವಾಗ ಅಂತ ಮಕ್ಕಳು ದಿನಾ ತಲೆ ತಿನ್ನುತ್ತಿದ್ದರಂತೆ. ಅವರು ಒಂದು ಗಾಡಿಚಕ್ರಕ್ಕೆ ಬತ್ತಿ ಸಿಕ್ಕಿಸಿದರು. ದಿನಕ್ಕೊಂದು ಚಿಕ್ಕದು, ಭಾನುವಾರಕ್ಕೊಂದು ದೊಡ್ಡದು. ಮಕ್ಕಳು ಎಣಿಸಿಕೊಂಡರು. ನಾವು ಚಿಕ್ಕವರಿದ್ದಾಗ ಕಾಳಿ ದಂಡೆಯ ನಮ್ಮೂರಲ್ಲಿ ಈ ಚಕ್ರ ಇರಲಿಲ್ಲ. ಅಮ್ಮ ತಟ್ಟೆಯಲ್ಲಿ ಮಣ್ಣು ಹಾಕಿ ರಾಗಿ ಬಿತ್ತುತ್ತಿದ್ದಳು. ಕ್ರಿಸ್‌ಮಸ್ ಹೊತ್ತಿಗೆ ಗೋದಲಿಯ, ಅಂದ್ರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯ, ಮುಂದೆ ಇಡಲು ಹಸಿರು ಗದ್ದೆ ಸಿದ್ಧ ಆಗುತ್ತಿತ್ತು. ಮೊಳಕೆ ಎಷ್ಟೆತ್ತರ ಬಂತು ಅಂತ ನೋಡಿ ನಾವು ದಿನ ಎಣಿಸುತ್ತಿದ್ದೆವು. ನಾನು ಸ್ಕೇಲ್ ಇಟ್ಟು ಅಳೆಯುತ್ತಿದ್ದೆ. ಬುದ್ಧಿ ಅಲ್ಲಿಂದಲೇ ಹಾಗೆ.

ನಾಲ್ಕರಲ್ಲಿ ಎರಡನೆಯದಕ್ಕೆ ಶಾಂತಿಯ ಬತ್ತಿ ಅಂತ ಹೆಸರು. ಮೊನ್ನೆ ಭಾನುವಾರ ಹಚ್ಚಿದೆವು. ಅದಕ್ಕೇ ಈ ವಾರ ಈ ಸಭೆ.

ಇನ್ನೊಂದು ಸಂಗತಿ ನಮ್ಮ ಕ್ರೈಸ್ತರೇ ಎಷ್ಟೋ ಜನ ಗಮನಿಸಿರುವುದಿಲ್ಲ. ಯೇಸು ಹುಟ್ಟಿದ ರಾತ್ರಿ ದೇವದೂತರು ಕುರುಬರಿಗೆ ಒಂದು ಹಾಡು ಹಾಡಿದರು ಅಂತ ಬೈಬಲ್ಲಿನಲ್ಲಿದೆ. ಮೇಲೆ ದೇವರಿಗೆ ಮಹಿಮೆ, ಭೂಮಿಯ ಮೇಲೆ ಶಾಂತಿ. ವರ್ಷದ ಬಹುಪಾಲು ಭಾನುವಾರ ಪೂಜೆಯಲ್ಲಿ ನಾವು ಇದನ್ನು ಹಾಡುತ್ತೇವೆ. ಆಗಮನ ಕಾಲದ ಭಾನುವಾರಗಳಲ್ಲಿ ಬಾಯಿ ಕಟ್ಟು. ನಿನ್ನೆ ಮಾತೆ ಮರಿಯಳ ಹಬ್ಬಕ್ಕೆ ಹಾಡಿದೆವು, ಅದು ಬೇರೆ ಲೆಕ್ಕ. ಮತ್ತೆ ಕ್ರಿಸ್‌ಮಸ್ ರಾತ್ರಿಯೇ ಗಂಟೆ ಬಾರಿಸಿ ಹಾಡೋದು. ಅಂದ್ರೆ ನಾಲ್ಕು ಭಾನುವಾರ 'ಭೂಮಿಯ ಮೇಲೆ ಶಾಂತಿ' ಅಂತ ಹಾಡಬೇಡಿ ಅಂತ ಇಗರ್ಜಿಯೇ ಹೇಳುತ್ತದೆ. ಯಾಕಿರಬಹುದು? ಪಾದ್ರಿಗಳು ಬೇರೆ ಕಾರಣ ಹೇಳಬಹುದು. ನನಗೆ ತೋಚೋದು ಇಷ್ಟು. ಹಾಡಿದರೆ ಕೆಲಸ ಆದ ಹಾಗೆ ಅನಿಸಿಬಿಡುತ್ತದೆ. ಮೊದಲು ಕೆಲಸ ಮಾಡಿ, ಆಮೇಲೆ ಹಾಡಿ.

ಈಗ ಒಂದು ಶಬ್ದದ ವಿಚಾರ. ಬೆಟ್ಟದ ಮೇಲಿನ ಪ್ರಸಂಗದಲ್ಲಿ ಯೇಸು ಹೇಳಿದ ಮಾತು ಕನ್ನಡ ಬೈಬಲ್ಲಿನಲ್ಲಿ ಹೀಗಿದೆ: 'ಸಮಾಧಾನಪಡಿಸುವವರು ಧನ್ಯರು.' ಮೂಲ ಗ್ರೀಕಿನಲ್ಲಿ ಅದು ಒಂದೇ ಶಬ್ದ, ಶಾಂತಿ ಮಾಡುವವರು ಅಂತ. ಇಡೀ ಹೊಸ ಒಡಂಬಡಿಕೆಯಲ್ಲಿ ಆ ಶಬ್ದ ಅದೊಂದೇ ಕಡೆ ಬರುತ್ತದೆ. ಶಾಂತವಾಗಿ ಇರುವವರು ಅಂತಲ್ಲ, ಶಾಂತಿ ಬಯಸುವವರು ಅಂತಲೂ ಅಲ್ಲ. ಮಾಡುವವರು. ಬಡಗಿ ಕುರ್ಚಿ ಮಾಡಿದ ಹಾಗೆ.

ನಮ್ಮ ಕನ್ನಡದ 'ಸಮಾಧಾನ' ಇದೆಯಲ್ಲ, ಅದು ಬಹಳ ಒಳ್ಳೆಯ ಶಬ್ದ. ಅಷ್ಟೇ ಅಪಾಯದ ಶಬ್ದವೂ ಹೌದು. ಮಗು ಅಳುತ್ತಿದ್ದರೆ ಸಮಾಧಾನ ಮಾಡು ಅಂತೀವಿ. ಅದು ಸರಿ. ಸೊಸೆ ಅಳುತ್ತಿದ್ದರೂ ಸಮಾಧಾನ ಮಾಡ್ಕೋ ಅಂತೀವಿ. ಕೂಲಿ ಪೂರ್ತಿ ಸಿಗಲಿಲ್ಲ, ಸಮಾಧಾನ ಮಾಡ್ಕೋ. ದಾರಿ ಮುಚ್ಚಿದರು, ಸಮಾಧಾನ ಮಾಡ್ಕೋ. ಅಂದ್ರೆ ಸುಮ್ನಿರು ಅಂತ. ಮೂವತ್ತೆರಡು ವರ್ಷದಲ್ಲಿ ಊರ ಹಿರಿಯರು ಹೇಳಿದ್ದನ್ನು ನೂರು ಸಲ ಕೇಳಿದ್ದೇನೆ. ಆ ಮಾತನ್ನು ಯಾರಿಗೆ ಹೇಳ್ತಾರೆ ಅಂತಲೂ ನೋಡಿದ್ದೇನೆ. ದೊಡ್ಡ ಹಿಡುವಳಿದಾರನಿಗೆ ಹೇಳಿದ್ದು ನನಗೆ ನೆನಪಿಲ್ಲ.

ಯೆರೆಮೀಯ ಅನ್ನುವ ಪ್ರವಾದಿಗೆ ಇದೇ ಸಿಟ್ಟು. ಜನರ ಗಾಯವನ್ನು ಮೇಲೆ ಮೇಲೆ ವಾಸಿ ಮಾಡ್ತಾರೆ, ಸಮಾಧಾನ ಇಲ್ಲದ ಕಡೆ ಸಮಾಧಾನ ಸಮಾಧಾನ ಅಂತಾರೆ ಅಂತ ಅವನು ಬೈದದ್ದು ಇಂದಿಗೂ ಬೈಬಲ್ಲಿನಲ್ಲಿದೆ. ಹಬ್ಬ ಹತ್ತಿರ ಬಂದಾಗ ಊರೂರಲ್ಲಿ ಶಾಂತಿ ಸಭೆ ಕರೀತಾರಲ್ಲ, ನಾನೂ ಹೋಗಿದ್ದೇನೆ. ಎಲ್ಲರೂ ಎದ್ದು ನಿಂತು 'ನಮ್ಮೂರು ಸೌಹಾರ್ದಕ್ಕೆ ಹೆಸರುವಾಸಿ' ಅಂತಾರೆ. ಚಹಾ, ಬಿಸ್ಕೀಟು, ಒಂದು ಫೋಟೋ. ಸಭೆ ಬೇಡ ಅಂತ ನಾನು ಹೇಳೋದಿಲ್ಲ. ಪರಸ್ಪರ ಫೋನ್ ನಂಬರ್ ಆದರೂ ಸಿಗುತ್ತದೆ, ಬೇಕಾದಾಗ ಉಪಯೋಗಕ್ಕೆ ಬರುತ್ತದೆ. ಆದರೆ ಆ ಸಭೆಯಲ್ಲಿ ಯಾರೂ ತಮ್ಮ ಬೇಲಿಯ ವಿಷಯ ಎತ್ತಿದ್ದು ನಾನು ನೋಡಿಲ್ಲ.

ಹೀಬ್ರೂ ಭಾಷೆಯ ಶಾಲೋಮ್ ನೀವು ಕೇಳಿದ್ದೀರಿ. ಶಾಂತಿ ಅಂತ ಅರ್ಥ ಹೇಳ್ತೇವೆ. ಅದರ ಬೇರಿನಲ್ಲಿ ಪೂರ್ತಿಯಾಗಿರುವುದು, ಕೊರತೆ ಇಲ್ಲದಿರುವುದು ಅನ್ನುವ ಅರ್ಥ ಇದೆ. ಅದೇ ಬೇರಿನಿಂದ ಹುಟ್ಟಿದ ಕ್ರಿಯಾಪದಕ್ಕೆ ಸಾಲ ತೀರಿಸು, ನಷ್ಟ ಕಟ್ಟಿಕೊಡು ಅನ್ನುವ ಅರ್ಥ. ಇದನ್ನು ಒಬ್ಬ ಫಾದರ್ ಬಾಯಲ್ಲಿ ಮೊದಲ ಸಲ ಕೇಳಿದಾಗ ನಾನು ಬೆಂಚಿನಲ್ಲಿ ನೆಟ್ಟಗೆ ಕೂತೆ. ಇದು ನಮ್ಮ ಇಲಾಖೆಯ ಭಾಷೆ! ಲೆಕ್ಕ ಚುಕ್ತಾ ಆಗದೆ ಶಾಲೋಮ್ ಇಲ್ಲ. ಕಾರವಾರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೀಬರ್ಡ್ ನೌಕಾನೆಲೆಗೆ ಸಾವಿರಾರು ಕುಟುಂಬ ಊರು ಬಿಟ್ಟವು, ಪರಿಹಾರದ ವ್ಯಾಜ್ಯ ದಶಕಗಟ್ಟಲೆ ನಡೆಯಿತು. ಹೊರಗೆ ಗಲಾಟೆ ಕಾಣಲಿಲ್ಲ ಅಂದ ಮಾತ್ರಕ್ಕೆ ಬಿಟ್ಟವರ ಮನೆಯಲ್ಲಿ ಸಮಾಧಾನ ಇತ್ತು ಅಂತ ಹೇಳೋಕಾಗುತ್ತಾ?

ನನ್ನ ಕಸುಬಿನ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಹೋಯ್ತು. ಹಾಗಾಗಿ ಇಲ್ಲಿಯ ಹಳೇ ಅಳತೆ ಮುಂಬಯಿ ಪದ್ಧತಿಯದು. 33 ಅಡಿಯ ಸರಪಳಿ. ಅದರಲ್ಲಿ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಅಂದ್ರೆ ಒಂದು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ. ಈಗ ಟೇಪು ಬಂತು, ಉಪಗ್ರಹದಿಂದ ಅಳೆಯುವ ಯಂತ್ರ ಬಂತು. ಪದ್ಧತಿ ಮಾತ್ರ ಬದಲಾಗಿಲ್ಲ. ಹದ್ದುಬಸ್ತು ಅರ್ಜಿ ಬಂದರೆ ಅರ್ಜಿದಾರನನ್ನು ಮಾತ್ರ ಕರೆದು ಅಳೆಯುವ ಹಾಗಿಲ್ಲ. ಸುತ್ತಲಿನ ಹಿಡುವಳಿದಾರರಿಗೆಲ್ಲ ನೋಟಿಸ್ ಹೋಗಬೇಕು. ಅವರ ಎದುರಲ್ಲೇ ಅಳೆಯಬೇಕು. ಹಳೇ ಟಿಪ್ಪಣಿ ತೆಗೆದು ಇಬ್ಬರೂ ಒಪ್ಪುವ ಬಾಂದುಕಲ್ಲು ಒಂದನ್ನು ಮೊದಲು ಹುಡುಕಬೇಕು. ಜಗಳದ ಕಲ್ಲಿನಿಂದ ಅಳತೆ ಶುರು ಮಾಡಬಾರದು. ಜಗಳವಿಲ್ಲದ ಕಲ್ಲಿನಿಂದ ಶುರು ಮಾಡಿ ಜಗಳದ ಕಲ್ಲಿಗೆ ಬರಬೇಕು. ಆಮೇಲೆ ಪಂಚನಾಮೆ, ಸಹಿ.

ಇದಕ್ಕಿಂತ ಒಳ್ಳೆಯ ಸಂಧಾನದ ಪಾಠ ನಾನು ಎಲ್ಲೂ ಓದಿಲ್ಲ. ಮನೆಯಲ್ಲಿ ಕೂತು ಶಾಂತಿ ಮಾಡೋಕಾಗೋದಿಲ್ಲ. ಜಾಗಕ್ಕೆ ಹೋಗಬೇಕು, ಗದ್ದೆಯ ಕೆಸರಿಗೆ ಇಳಿಯಬೇಕು. ಎದುರಿನವನಿಗೆ ಮೊದಲೇ ತಿಳಿಸಬೇಕು. ಅವನು ಬರದಿದ್ದರೆ ಮತ್ತೊಂದು ದಿನ ಗೊತ್ತು ಮಾಡಬೇಕು. ಕಾಯೋದು ಕಸುಬಿನ ಭಾಗವೇ. ಕರಾವಳಿಯಲ್ಲಿ ಮಳೆಗಾಲವಿಡೀ ಅಳತೆ ಕೆಲಸ ಹೆಚ್ಚುಕಡಿಮೆ ನಿಂತೇ ಇರುತ್ತದೆ. ಗಜನಿ ತುಂಬ ನೀರು, ಬ್ಯಾಣದ ತುಂಬ ಆಳೆತ್ತರದ ಹುಲ್ಲು. ಗದ್ದೆ ಕೊಯ್ಲಾಗಿ, ಹುಲ್ಲು ಒಣಗಿ ಮಲಗಿದ ಮೇಲೇ ಕಲ್ಲುಗಳು ಕಣ್ಣಿಗೆ ಬೀಳುತ್ತವೆ. ಅದು ಸರಿಯಾಗಿ ಈ ತಿಂಗಳು. ನನಗೆ ಆಗಮನ ಕಾಲ ಅಂದ್ರೆ ಇಂದಿಗೂ ಒಣಹುಲ್ಲಿನ ವಾಸನೆ, ಕತ್ತಿಯಲ್ಲಿ ಪೊದೆ ಸವರಿ ಕಲ್ಲು ಹುಡುಕೋದು.

ಮೊನ್ನೆ ಭಾನುವಾರ ಇಗರ್ಜಿಯಲ್ಲಿ ಓದಿದ ಭಾಗ ಪ್ರವಾದಿ ಯೆಶಾಯನದು. ತೋಳ ಕುರಿಮರಿಯ ಜೊತೆ ಇರುತ್ತದೆ, ಚಿರತೆ ಮೇಕೆಮರಿಯ ಪಕ್ಕ ಮಲಗುತ್ತದೆ. ಚಂದದ ಚಿತ್ರ. ಮಕ್ಕಳ ಪುಸ್ತಕಕ್ಕೆ ಹೇಳಿ ಮಾಡಿಸಿದ್ದು. ಅದರಲ್ಲಿ ಒಂದು ಸಾಲು ನಾವು ಹಾರಿಸಿ ಓದ್ತೇವೆ. ಸಿಂಹ ಎತ್ತಿನ ಹಾಗೆ ಹುಲ್ಲು ತಿನ್ನುತ್ತದೆ ಅಂತ. ಗಮನಿಸಿ, ಎತ್ತಿನ ಊಟ ಬದಲಾಗಿಲ್ಲ. ಅದು ಮೊದಲಿನಿಂದಲೂ ಹುಲ್ಲನ್ನೇ ತಿನ್ನುತ್ತಿತ್ತು. ಬದಲಾಗಬೇಕಾದ್ದು ಸಿಂಹ. ನಮ್ಮ ಊರಿನ ಪಂಚಾಯಿತಿಗಳಲ್ಲಿ ಯಾವಾಗಲೂ ಎತ್ತಿಗೇ ಬುದ್ಧಿ ಹೇಳ್ತಾರೆ, ಸ್ವಲ್ಪ ಹೊಂದಿಕೊಂಡು ಹೋಗು ಅಂತ.

ಅದೇ ದಿನ, ಯೇಸುವಿಗೆ ಮುಂಚೆ ಬಂದು ದಾರಿ ಸಿದ್ಧ ಮಾಡಿದ ಸ್ನಾನಿಕ ಯೋಹಾನನ ಮಾತೂ ಇತ್ತು. ಒಡೆಯನ ದಾರಿಯನ್ನು ನೆಟ್ಟಗೆ ಮಾಡಿರಿ. ಸರ್ವೇಯರ್ ಕಿವಿಗೆ ಇದು ಹಬ್ಬ! ಹೋದ ವರ್ಷ ಇದನ್ನೇ ಲೂಕನ ಪುಸ್ತಕದಿಂದ ಓದಿದ್ದರು. ಅಲ್ಲಿ ಇನ್ನೂ ವಿವರ ಇದೆ, ಹಳ್ಳ ತುಂಬಬೇಕು, ಗುಡ್ಡ ತಗ್ಗಬೇಕು ಅಂತ. ಮರುವಾರ ಅದರ ಮುಂದುವರಿಕೆ. ಜನ ಯೋಹಾನನ ಹತ್ತಿರ ಬಂದು, ಹಾಗಾದರೆ ನಾವು ಏನು ಮಾಡಬೇಕು ಅಂತ ಕೇಳ್ತಾರೆ. ಎರಡು ಅಂಗಿ ಇದ್ದವನು ಇಲ್ಲದವನಿಗೆ ಒಂದು ಕೊಡಲಿ ಅಂತಾನೆ. ಸುಂಕದವರು ಕೇಳ್ತಾರೆ. ಗೊತ್ತು ಮಾಡಿದ್ದಕ್ಕಿಂತ ಜಾಸ್ತಿ ವಸೂಲಿ ಮಾಡಬೇಡಿ. ಸಿಪಾಯಿಗಳು ಕೇಳ್ತಾರೆ. ಹೆದರಿಸಿ ದುಡ್ಡು ಕೀಳಬೇಡಿ, ಸಂಬಳದಲ್ಲಿ ತೃಪ್ತಿಯಾಗಿರಿ. ಯಾರಿಗೂ ಕೆಲಸ ಬಿಟ್ಟು ಕಾಡಿಗೆ ಬಾ ಅನ್ನಲಿಲ್ಲ. ಅವರವರ ಕಸುಬಿನೊಳಗೇ ಉತ್ತರ ಕೊಟ್ಟ. ನಾನು ಬೆಂಚಿನಲ್ಲಿ ಕೂತು, ಸರ್ವೇಯರ್ ಹೋಗಿ ಕೇಳಿದ್ದರೆ ಏನು ಹೇಳ್ತಿದ್ದ ಅಂತ ಯೋಚಿಸ್ತಾ ಇದ್ದೆ. ಲಂಚ ತಗೋಬೇಡ ಅಂತಿದ್ದ. ತಗೊಂಡಿಲ್ಲ ಸ್ವಾಮಿ ಅಂತಿದ್ದೆ. ಅಷ್ಟಕ್ಕೇ ಬಿಡ್ತಿದ್ದನಾ ಅಂತ ನನಗೆ ಅನುಮಾನ. ಯಾಕೆ ಅಂತ ಆಮೇಲೆ ಹೇಳ್ತೇನೆ.

ಅದಕ್ಕೆ ಮೊದಲು 2017. ಆ ವರ್ಷದ ಡಿಸೆಂಬರ್ ನಿಮಗೆ ನೆನಪಿದೆ. ಹೊನ್ನಾವರದಲ್ಲಿ ಒಬ್ಬ ಯುವಕ ತೀರಿಹೋದ. ಗಲಾಟೆ ಕುಮಟಾಕ್ಕೆ ಬಂತು, ಘಟ್ಟ ಹತ್ತಿ ಶಿರಸಿಗೂ ಹೋಯ್ತು. ಕಲ್ಲು ಬಿತ್ತು, ವಾಹನ ಸುಟ್ಟರು. ಪಂಚಾಂಗ ನೋಡಿದರೆ ಅದು ಆಗಮನ ಕಾಲದ ಎರಡನೇ ವಾರ. ನಾವು ಶಾಂತಿಯ ಬತ್ತಿ ಹಚ್ಚಿ ಒಂದೆರಡು ದಿನ ಆಗಿತ್ತು ಅಷ್ಟೇ. ನಾನು ಆಗ ಶಿರಸಿಯಲ್ಲಿ ಬಾಡಿಗೆ ಮನೆಯಲ್ಲಿದ್ದೆ. ಅಂಗಡಿ ಎಲ್ಲ ಬಂದ್. ಹೊರಗೆ ಹೋಗುವ ಹಾಗಿಲ್ಲ. ಕೈಯಲ್ಲಿ ಮೊಬೈಲು. ಯಾರೋ ಕಳಿಸಿದ ಒಂದು ವಿಡಿಯೋ ನೋಡಿ ಗಾಬರಿಯಾಗಿ ಮೂರು ಗುಂಪಿಗೆ ಕಳಿಸಿದೆ. 'ಎಲ್ಲರೂ ಹುಷಾರಾಗಿರಿ' ಅಂತ ಒಂದು ಸಾಲು ಬೇರೆ ಬರೆದೆ, ಒಳ್ಳೆಯ ಕೆಲಸ ಮಾಡಿದ ಹಾಗೆ. ಅರ್ಧ ಗಂಟೆಗೆ ನನ್ನ ಜೊತೆ ಸರಪಳಿ ಹಿಡಿದು ಕೆಲಸ ಮಾಡಿದ ಹಳೇ ಗೆಳೆಯನ ಫೋನ್. ಅವನು ಮುಸಲ್ಮಾನ. 'ಸಾರ್, ಅದು ನಮ್ಮ ಜಿಲ್ಲೆಯದ್ದೇ ಅಲ್ಲ. ಹಿಂದಿರೋ ಬೋರ್ಡು ನೋಡಿ, ಯಾವ ಭಾಷೆ ಇದೆ' ಅಂದ. ನೋಡಿದೆ. ಕನ್ನಡ ಅಲ್ಲ.

ಒಂದು ಇಂಚು ತಪ್ಪಿದರೆ ಮತ್ತೆ ಅಳೆಯುವವನು ನಾನು. ಒಂದು ವಿಡಿಯೋದ ಚಕ್ಕುಬಂದಿ ನೋಡದೆ ಮೂರು ಗುಂಪಿಗೆ ಹಂಚಿದ್ದೆ. ಸರಿ, ತಪ್ಪಾಯ್ತು. ಆಮೇಲೆ ಏನು ಮಾಡಿದೆ ಗೊತ್ತಾ? ಏನೂ ಮಾಡಲಿಲ್ಲ. 'ನಾನು ಕಳಿಸಿದ್ದು ಸುಳ್ಳು, ಯಾರೂ ನಂಬಬೇಡಿ' ಅಂತ ಅದೇ ಮೂರು ಗುಂಪಿಗೆ ಬರೆಯಬೇಕಿತ್ತು. ಎರಡು ನಿಮಿಷದ ಕೆಲಸ. ನಾಚಿಕೆಯಾಯ್ತು, ಬರೆಯಲಿಲ್ಲ. ಇವತ್ತು ಮೈಕಿನಲ್ಲಿ ಹೇಳ್ತಾ ಇದ್ದೇನೆ, ಎಂಟು ವರ್ಷ ತಡವಾಗಿ. ಆ ಗೆಳೆಯ ಮಾತ್ರ ಮರುವಾರ ಎಂದಿನ ಹಾಗೆ ಬಂದು ಚಹಾ ಕುಡಿದು ಹೋದ. ಶಾಂತಿ ಮಾಡುವವರು ಅಂದ್ರೆ ನನಗೆ ಮೊದಲು ನೆನಪಾಗೋದು ಅವನ ಆ ಫೋನ್.

ಒಳ್ಳೆಯದನ್ನೂ ಹೇಳಬೇಕಲ್ವಾ. ಡಿಸೆಂಬರ್ 3 ಸಂತ ಫ್ರಾನ್ಸಿಸ್ ಝೇವಿಯರ್ ತೀರಿಹೋದ ದಿನ, 1552ರಲ್ಲಿ. ಅಂದು ಹೊನ್ನಾವರ ತಾಲ್ಲೂಕಿನ ಚಂದಾವರದಲ್ಲಿ ಫೆಸ್ತ್, ಅಂದ್ರೆ ಇಗರ್ಜಿಯ ಹಬ್ಬ. ಆಗಮನ ಕಾಲದ ಶುರುವಿನಲ್ಲೇ ಬರುತ್ತದೆ. ಅಲ್ಲಿ ಸಾಲಿನಲ್ಲಿ ನಿಂತವರನ್ನು ನೋಡಿ. ಹಣೆಯಲ್ಲಿ ಕುಂಕುಮ, ಮುಡಿಯಲ್ಲಿ ಅಬ್ಬಲಿಗೆ, ಕೈಯಲ್ಲಿ ಹರಕೆಯ ಮೇಣದ ಬತ್ತಿ. ಯಾವ ಸಭೆಯೂ ಠರಾವು ಮಾಡಿ ಅವರನ್ನು ಕರೆದಿಲ್ಲ. ಯಲ್ಲಾಪುರ, ಹಳಿಯಾಳದ ಸಿದ್ದಿಗಳ ಕೇರಿಗಳಲ್ಲಿ ಅಳತೆಗೆ ಹೋದಾಗ ಇನ್ನೂ ಆಶ್ಚರ್ಯ. ಅವರಲ್ಲಿ ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಮೂರೂ ಇದ್ದಾರೆ. ಮದುವೆ ಸಂಬಂಧಗಳೂ ಉಂಟು. ಪಹಣಿಯಲ್ಲಿ ಅಣ್ಣ ತಮ್ಮಂದಿರ ಹೆಸರು ನೋಡಿ ನಾನು ಒಮ್ಮೆ ತಪ್ಪು ಬರೆದಿದ್ದಾರೆ ಅಂದುಕೊಂಡಿದ್ದೆ. ತಪ್ಪಿರಲಿಲ್ಲ.

ಅಣ್ಣ ತಮ್ಮಂದಿರು ಅಂದೆ. ಈಗ ನನ್ನದು.

ಹುಟ್ಟುತ್ತಾ ಅಣ್ಣ ತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅನ್ನುವ ಗಾದೆ ಇದೆ. ಈ ಗಾದೆಯನ್ನು ಕಕ್ಷಿದಾರರಿಗೆ ಹೇಳಿ ನಗಿಸ್ತಾ ಇದ್ದೆ. ಅಪ್ಪ ತೀರಿದ ಮೇಲೆ ನಮ್ಮ ಹಿತ್ತಿಲು ಎರಡು ಪಾಲಾಯ್ತು. ಬಾವಿ ನನ್ನ ಪಾಲಿಗೆ ಬಂತು. ಅಣ್ಣನ ಮನೆಯವರು ಬೇಲಿ ಅಂಚಿನ ಕಾಲುದಾರಿಯಲ್ಲಿ ಬಂದು ನೀರು ಒಯ್ಯುತ್ತಿದ್ದರು. 2015ರಲ್ಲಿ ಯಾವುದೋ ತೆಂಗಿನ ಮರದ ವಿಷಯಕ್ಕೆ ಮಾತಿಗೆ ಮಾತು ಬೆಳೆಯಿತು. ನಾನು ಸುಮ್ನೆ ಇರಬಹುದಿತ್ತು. ಮನೆಗೆ ಬಂದು ನಕ್ಷೆ ತೆಗೆದೆ. ಅಣ್ಣನ ಬೇಲಿ ನನ್ನ ಕಡೆಗೆ ಒಂದೂವರೆ ಅಡಿ ಸರಿದಿತ್ತು. ಸರಪಳಿ ಲೆಕ್ಕದಲ್ಲಿ ಮುಕ್ಕಾಲು ಆಣೆ. ಆ ಮುಕ್ಕಾಲು ಆಣೆಯಲ್ಲೇ ಕಾಲುದಾರಿ ಇತ್ತು.

ಅರ್ಜಿ ಕೊಟ್ಟೆ. ಅಳೆಯಲು ಬೇರೆ ಸರ್ವೇಯರ್ ಬಂದ, ನಾನು ದೂರ ನಿಂತಿದ್ದೆ. ಎಲ್ಲ ಕಾಯ್ದೆ ಪ್ರಕಾರ. ನೋಟಿಸು, ಪಂಚನಾಮೆ, ಸಹಿ. ಅಳತೆ ನೂರಕ್ಕೆ ನೂರು ಸರಿ. ಕಲ್ಲು ನೆಟ್ಟೆವು. ನಾನು ತಂತಿ ಬೇಲಿ ಹಾಕಿಸಿದೆ. ನೀರಿಗೆ ಬೇಡ ಅನ್ನಲಿಲ್ಲ, ಮುಂದಿನ ರಸ್ತೆಯಿಂದ ಸುತ್ತಿ ಬಂದು ಒಯ್ಯಲಿ ಅಂದೆ. ಎಷ್ಟು ದೊಡ್ಡ ಮನಸ್ಸು ನೋಡಿ!

ಒಂಬತ್ತು ವರ್ಷ ಮಾತಿಲ್ಲ. ಅಮ್ಮ ತೀರಿದಾಗ ಪೆಟ್ಟಿಗೆಯ ಆ ಕಡೆ ಅವನು, ಈ ಕಡೆ ನಾನು. ಪೂಜೆಯಲ್ಲಿ ಒಂದು ಘಟ್ಟ ಬರುತ್ತದೆ. ಪರಸ್ಪರ ಶಾಂತಿ ಹಂಚಿಕೊಳ್ಳಿ ಅಂತ ಫಾದರ್ ಹೇಳ್ತಾರೆ. ನಮ್ಮಲ್ಲಿ ಕೈ ಜೋಡಿಸಿ ಅಕ್ಕಪಕ್ಕದವರಿಗೆ ನಮಸ್ಕಾರ ಮಾಡ್ತೇವೆ. ನಾನು ಮುಂದೆ ತಿರುಗಿ ಮಾಡ್ತಿದ್ದೆ, ಬಲಕ್ಕೆ ಮಾಡ್ತಿದ್ದೆ, ಹಿಂದೆ ತಿರುಗಿ ಮಾಡ್ತಿದ್ದೆ. ಎಡಗಡೆ ನಾಲ್ಕನೇ ಬೆಂಚಿನಲ್ಲಿ ಅಣ್ಣ ಇರ್ತಿದ್ದ. ಆ ಕಡೆ ತಿರುಗುವ ಹೊತ್ತಿಗೆ ನನ್ನ ಕನ್ನಡಕಕ್ಕೆ ಧೂಳು ಕೂತಿರ್ತಿತ್ತು. ಒರೆಸಿಕೊಳ್ತಿದ್ದೆ. ಒಂಬತ್ತು ವರ್ಷ, ಪ್ರತಿ ಭಾನುವಾರ.

ಆದರೂ ಎರಡು ಮನೆಗೆ ಪೂರ್ತಿ ಸಂಬಂಧ ಕಡಿದಿರಲಿಲ್ಲ. ಅದಕ್ಕೆ ಕಾರಣ ನಾನಲ್ಲ. ಕ್ರಿಸ್‌ಮಸ್‌ಗೆ ನಾವು ಕುಸ್ವಾರ್ ಮಾಡ್ತೇವೆ, ನೆವ್ರಿ, ಕುಲ್‌ಕುಲ್, ದೊದೊಲ್, ಎಲ್ಲ ಸೇರಿಸಿ ತಟ್ಟೆಯಲ್ಲಿಟ್ಟು ಬಿಳಿ ಬಟ್ಟೆ ಮುಚ್ಚಿ ನೆರೆಮನೆಗಳಿಗೆ ಕಳಿಸ್ತೇವೆ. ನನ್ನ ಹೆಂಡತಿ ಒಂದು ವರ್ಷವೂ ಅಣ್ಣನ ಮನೆ ಬಿಡಲಿಲ್ಲ. ನನ್ನನ್ನು ಕೇಳಲೂ ಇಲ್ಲ. ಮಗಳ ಕೈಯಲ್ಲಿ ಕಳಿಸ್ತಿದ್ದಳು. ಆ ತಟ್ಟೆ ಯಾವತ್ತೂ ಖಾಲಿ ವಾಪಸ್ ಬರಲಿಲ್ಲ. ಒಮ್ಮೆ ನಾಲ್ಕು ಪಪ್ಪಾಯಿ, ಒಮ್ಮೆ ಒಣ ಸಿಗಡಿ. ಸಿಗಡಿ ಚಟ್ನಿ ನಾನೂ ತಿಂದೆ. ಎಲ್ಲಿಂದ ಬಂತು ಅಂತ ಕೇಳಲಿಲ್ಲ.

ಹೋದ ವರ್ಷ ಡಿಸೆಂಬರ್ 15ರ ಭಾನುವಾರ ಯೋಹಾನನ ಆ ಪ್ರಶ್ನೋತ್ತರ ಓದಿದರು ಅಂದೆನಲ್ಲ. ಮನೆಗೆ ಬಂದವನು ಬಾವಿಕಟ್ಟೆಯ ಹತ್ತಿರ ನಿಂತೆ. ಅತ್ತಿಗೆ ಕೊಡ ಹಿಡಿದು ರಸ್ತೆ ಸುತ್ತಿ ಬರ್ತಾ ಇದ್ದರು. ಅವರಿಗೂ ಅರವತ್ತು ದಾಟಿದೆ. ಅವರು ಹೋದ ಮೇಲೆ ನಾನು ಒಂದು ಕೆಲಸ ಮಾಡಿದೆ, ಅಭ್ಯಾಸಬಲ. ಆ ಸುತ್ತುದಾರಿಯನ್ನು ಅಳೆದೆ. ಹಳೇ ಕಾಲುದಾರಿಗಿಂತ 60 ಮೀಟರ್ ಜಾಸ್ತಿ. ಹೋಗಿ ಬರೋದಕ್ಕೆ 120. ದಿನಕ್ಕೆ ಆರು ಸಲ ಅಂದ್ರೆ 720 ಮೀಟರ್. ಒಂಬತ್ತು ವರ್ಷಕ್ಕೆ ಗುಣಿಸಿದೆ. 2,300 ಕಿಲೋಮೀಟರ್ ದಾಟಿತು. ಇಲ್ಲಿಂದ ಹೊರಟರೆ ದಿಲ್ಲಿ ಹಿಂದೆ ಬೀಳುತ್ತದೆ. ಅಷ್ಟು ದೂರ ಆ ಹೆಂಗಸನ್ನು ನಾನು ನಡೆಸಿದ್ದೆ, ಅರ್ಧ ದಾರಿ ತುಂಬಿದ ಕೊಡ ಸೊಂಟದ ಮೇಲೆ ಇಟ್ಟುಕೊಂಡು. ನನ್ನ ಅಳತೆ ಸರಿಯಾಗಿತ್ತು ಅಂದೆನಲ್ಲ, ಈ ಅಳತೆ ಯಾವ ಪಂಚನಾಮೆಯಲ್ಲೂ ಬಂದಿರಲಿಲ್ಲ.

ತಕ್ಷಣ ಹೋಗಿ ಕಾಲು ಹಿಡಿದೆ ಅಂದ್ರೆ ಸುಳ್ಳಾಗುತ್ತದೆ. ಎರಡು ಸಲ ಬೇಲಿವರೆಗೆ ಹೋಗಿ ವಾಪಸ್ ಬಂದೆ. ಮೂರನೇ ಸಲ ಹೋದದ್ದು 22ಕ್ಕೆ, ಆಗಮನ ಕಾಲದ ಕೊನೆಯ ಭಾನುವಾರ. ಅಣ್ಣ ಅಂಗಳದಲ್ಲಿ ತೆಂಗಿನಕಾಯಿ ಸುಲೀತಾ ಇದ್ದ. ಹಾರೆಗೆ ಕಾಯಿ ಹೊಡೆದು, ತಿರುಗಿಸಿ, ಸಿಪ್ಪೆ ಎಳೆಯೋದು. ನನ್ನನ್ನು ನೋಡಿದ. ಕೈ ನಿಲ್ಲಲಿಲ್ಲ. ನಾನು ಮನೆಯಿಂದ ಒಂದು ಮಾತು ಸಿದ್ಧ ಮಾಡಿಕೊಂಡು ಬಂದಿದ್ದೆ, ಚೆನ್ನಾಗಿತ್ತು ಅದು. ಬಾಯಿ ತೆರೆಯುವ ಮೊದಲೇ ಅವನು ಕೇಳಿದ. ನಮ್ಮದು ಮನೆಮಾತು ಕೊಂಕಣಿ, ನಿಮಗೋಸ್ಕರ ಕನ್ನಡದಲ್ಲಿ ಹೇಳ್ತೇನೆ.

'ಟೇಪು ತಂದೀಯಾ?'

'ಇಲ್ಲ' ಅಂದೆ.

'ಹಾಗಾದ್ರೆ ಕೂತ್ಕೋ.'

ಕೂರಲು ಏನೂ ಇರಲಿಲ್ಲ. ಸಿಪ್ಪೆಯ ರಾಶಿಯ ಮೇಲೆ ಕೂತೆ. ಅರ್ಧ ಗಂಟೆ ಮಾತಾಡಿದೆವು. ಯಾವ ಮರಕ್ಕೆ ನುಸಿ ಹಿಡಿದಿದೆ, ಕೊಯ್ಯುವವರು ಮರಕ್ಕೆ ಎಷ್ಟು ಕೇಳ್ತಾರೆ, ಅಪ್ಪನ ಆ ಹಾಯುವ ಎತ್ತು. ಕ್ಷಮಿಸು ಅನ್ನುವ ಶಬ್ದ ಬರಲೇ ಇಲ್ಲ, ಅವನ ಕಡೆಯಿಂದಲೂ ಇಲ್ಲ. ಹೊರಡುವಾಗ ಸುಲಿದ ಎರಡು ಕಾಯಿ ಕೈಗೆ ಹಾಕಿದ. ಜುಟ್ಟು ಹಿಡಿದು ಮನೆಗೆ ತಂದೆ.

ಯೇಸು ಒಂದು ಕಡೆ ಹೇಳ್ತಾನೆ. ನೀನು ಕಾಣಿಕೆ ತಂದು ಬಲಿಪೀಠದ ಹತ್ತಿರ ನಿಂತಿರುವಾಗ, ನಿನ್ನ ಅಣ್ಣನಿಗೋ ತಮ್ಮನಿಗೋ ನಿನ್ನ ಮೇಲೆ ಏನೋ ಇದೆ ಅಂತ ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ಸರಿಮಾಡಿಕೊಂಡು ಬಾ. ನಿನಗೆ ಅವನ ಮೇಲೆ ಏನಾದರೂ ಇದ್ದರೆ ಅಂತ ಹೇಳಿಲ್ಲ. ಅವನಿಗೆ ನಿನ್ನ ಮೇಲೆ ಇದ್ದರೆ ಅಂತ. ನಾನು ಇಷ್ಟು ವರ್ಷ ಆ ವಾಕ್ಯವನ್ನು ಉಲ್ಟಾ ಓದಿದ್ದೆ.

ಮಾರ್ಚಿನಲ್ಲಿ ಇಬ್ಬರೂ ಒಂದೇ ರಿಕ್ಷಾದಲ್ಲಿ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋದೆವು. ಬೇಲಿ ಅಂಚಿಗೆ ನಾಲ್ಕಡಿ ಅಗಲದ ದಾರಿ, ಬಾವಿಯವರೆಗೆ, ಅವನ ಮನೆಯವರಿಗೆ ಕಾಯಂ. ನೋಂದಣಿ ಮಾಡಿಸಿದೆ. ಅಣ್ಣ ತಮ್ಮಂದಿರ ನಡುವೆ ಕಾಗದ ಯಾಕೆ ಅಂತ ಕೆಲವರು ನಕ್ಕರು. ಬಾಯಿಮಾತಿನ ಸಮಾಧಾನ ಮುಂದಿನ ತಲೆಮಾರಿಗೆ ದಾಟೋದಿಲ್ಲ. ಅದನ್ನು ನಾನು ಊರೂರಲ್ಲಿ ಕಂಡಿದ್ದೇನೆ. ಕಲ್ಲು ಇದ್ದಲ್ಲೇ ಇದೆ. ಕಲ್ಲು ಕೀಳಬೇಕಾಗಿಲ್ಲ. ತಂತಿ ಬೇಲಿ ತೆಗೆಸಿದೆ.

ಅತ್ತಿಗೆ ಮಾತಾಡಲಿಲ್ಲ. ದಾರಿ ಬಿಟ್ಟು ಒಂಬತ್ತು ತಿಂಗಳಾಯ್ತು. ನಾನು ಅಂಗಳದಲ್ಲಿದ್ದರೆ ಅವರು ಆ ದಾರಿಯಲ್ಲಿ ಬರೋದಿಲ್ಲ, ಕೊಡ ಎತ್ತಿಕೊಂಡು ರಸ್ತೆ ಸುತ್ತೇ ಬರ್ತಾರೆ. ಅದು ಅವರ ಹಕ್ಕು. ಹಾಗಾಗಿ ಅವರು ನೀರಿಗೆ ಬರುವ ಹೊತ್ತಿಗೆ ನಾನು ಒಳಗೆ ಹೋಗಿಬಿಡ್ತೇನೆ. ಬೆಳಿಗ್ಗೆ ಆರೂವರೆಗೆ ಒಮ್ಮೆ, ಸಂಜೆ ಐದಕ್ಕೆ ಒಮ್ಮೆ. ನಿವೃತ್ತಿಯಾದ ಮೇಲೆ ಇದೊಂದು ಡ್ಯೂಟಿ.

ಮೊನ್ನೆ ಸಂಜೆ ಮರೆತೆ. ಈ ಸಲ ಗೋದಲಿಗೆ ರಾಗಿ ಸ್ವಲ್ಪ ಬೇಗನೇ ಬಿತ್ತಿದ್ದೆ. ಜಗುಲಿ ಮೇಲೆ ಕೂತು ತಟ್ಟೆಗೆ ನೀರು ಚಿಮುಕಿಸ್ತಾ ಇದ್ದೆ. ತಲೆ ಎತ್ತಿದರೆ ಅತ್ತಿಗೆ ಹೊಸ ದಾರಿಯಲ್ಲೇ ನಿಂತಿದ್ದಾರೆ. ನನ್ನ ಕಡೆ ನೋಡಲಿಲ್ಲ. ತಟ್ಟೆಯ ಕಡೆ ನೋಡಿದರು. 'ನೀರು ಜಾಸ್ತಿ ಆಯ್ತು, ಕೊಳೆಯುತ್ತೆ' ಅಂದರು. ನನಗೆ ಅಂದದ್ದೋ, ಕೊಡಕ್ಕೆ ಅಂದದ್ದೋ ಗೊತ್ತಿಲ್ಲ. ಬಾವಿಗೆ ಹೋದರು.

ನಾನು ತಟ್ಟೆ ಓರೆ ಮಾಡಿ ನೀರು ಬಸಿದೆ.

ಹೊರಗೆ ಚಹಾ ಇದೆಯಂತೆ. ನಮಸ್ಕಾರ.